ಒಂದೇ ಗಿರಣಿ, ಆರು ಕಣ್ಣು: ಹಣಕಾಸಿನ ಪದವಿಗಳಲ್ಲಿ ನಿಮ್ಮದು ಯಾವುದು?



ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಕೆಲವು ವಾರಗಳಲ್ಲಿ ಮನೆಮನೆಯಲ್ಲೂ ಕೇಳಿಬರುವ ಒಂದು ಪ್ರಶ್ನೆಯಿದೆ. "ಬಿ.ಕಾಂ. ಸೇರಲೋ, ಬಿ.ಬಿ.ಎ. ಸೇರಲೋ? ಸಿ.ಎ. ಮಾಡಿದರೆ ಒಳ್ಳೆಯದಂತೆ, ಹೌದೇ? ಅರ್ಥಶಾಸ್ತ್ರ ಓದಿದರೆ ಕೆಲಸ ಸಿಗುವುದಿಲ್ಲವಂತೆ, ನಿಜವೇ?" ವೃತ್ತಿ ಮಾರ್ಗದರ್ಶನದ ಸಂವಾದಗಳನ್ನು ರೂಪಿಸುವ ನನಗೆ ಈ ಪ್ರಶ್ನೆಗಳು ಹಳೆಯ ಪರಿಚಯ. ಪ್ರಶ್ನೆ ಕೇಳುವವರು ಬೇರೆಬೇರೆ ಊರಿನವರು. ಆದರೆ ಎಲ್ಲರ ಮಾತಿನಲ್ಲೂ ಒಂದು 'ಅಂತೆ' ಇರುತ್ತದೆ. ಪಕ್ಕದ ಮನೆಯವರು ಹೇಳಿದರಂತೆ, ಮಾವನ ಮಗ ಮಾಡಿದನಂತೆ. ಮೂರು ವರ್ಷದ ಬದುಕನ್ನೂ ತಂದೆ ತಾಯಿಯ ಉಳಿತಾಯವನ್ನೂ 'ಅಂತೆ'ಯ ಮೇಲೆ ನಿಲ್ಲಿಸುವುದು ಸರಿಯಲ್ಲ. ಅದಕ್ಕಾಗಿಯೇ ಈ ಲೇಖನ.

ನಾನು ಓದಿದ್ದು ವಿಜ್ಞಾನ. ಜಮಾ-ಖರ್ಚಿನ ಪಾಠ ನನಗೆ ತರಗತಿಯಲ್ಲಿ ಸಿಕ್ಕಿದ್ದಲ್ಲ. ಆದ್ದರಿಂದ ಈ ವಿಷಯವನ್ನು ಪ್ರಯೋಗಶಾಲೆಯ ಕ್ರಮದಲ್ಲೇ ಬಿಡಿಸುತ್ತೇನೆ. ಮೊದಲು ಒಂದು ವಸ್ತುವನ್ನು ಮೇಜಿನ ಮೇಲೆ ಇಟ್ಟುಕೊಳ್ಳೋಣ. ಆಮೇಲೆ ಅದನ್ನು ಬೇರೆಬೇರೆ ಮಸೂರಗಳಲ್ಲಿ ನೋಡೋಣ.

ಗಿರಣಿಗೆ ಹೋಗೋಣ ಬನ್ನಿ

ತುಂಗಭದ್ರಾ ನಾಲೆಯ ನೀರು ಹರಿಯುವ ಗಂಗಾವತಿ ಭತ್ತಕ್ಕೂ ಅಕ್ಕಿ ಗಿರಣಿಗಳಿಗೂ ಹೆಸರಾದ ಊರು. ಅಲ್ಲಿ ಒಂದು ಗಿರಣಿ ಇದೆ ಎಂದು ಕಲ್ಪಿಸಿಕೊಳ್ಳಿ. ಮಾಲೀಕರಿಗೆ ಹೊಸ ಯಂತ್ರ ಹಾಕಬೇಕೆಂಬ ಆಸೆ. ಬೆಲೆ 20 ಲಕ್ಷ ರೂಪಾಯಿ. ಅದನ್ನು ಹಾಕಿದರೆ ವರ್ಷಕ್ಕೆ 4 ಲಕ್ಷ ಉಳಿಯುತ್ತದೆ, ಯಂತ್ರ 7 ವರ್ಷ ಬಾಳುತ್ತದೆ ಎಂದು ಅವರ ಅಂದಾಜು. ಈ ಒಂದೇ ಗಿರಣಿಯನ್ನು ಹಣಕಾಸಿನ ಆರು ಬಗೆಯ ತಜ್ಞರು ಹೇಗೆ ನೋಡುತ್ತಾರೆ?

ಮೊದಲನೆಯವರು ಲೆಕ್ಕಿಗರು. ಕಳೆದ ವರ್ಷ ಎಷ್ಟು ಭತ್ತ ಕೊಂಡಿರಿ, ಎಷ್ಟು ಅಕ್ಕಿ ಮಾರಿದಿರಿ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಹಳೆಯ ಯಂತ್ರದ ಸವಕಳಿ ಎಷ್ಟು ಎಂದು ಕೇಳುತ್ತಾರೆ. ಲಾಭ-ನಷ್ಟದ ಖಾತೆ, ಅಢಾವೆ ಪತ್ರಿಕೆ ಇವರ ಕೈಬರಹ. ಆಗಿಹೋದದ್ದನ್ನು ನಿಜವಾಗಿ, ಪುರಾವೆ ಸಮೇತ ಹೇಳುವುದು ಇವರ ಧರ್ಮ.

ಎರಡನೆಯವರು ವೆಚ್ಚ ಲೆಕ್ಕಿಗರು. ಇವರು ಒಂದು ಕ್ವಿಂಟಾಲಿನ ಲೆಕ್ಕ ಹಿಡಿಯುತ್ತಾರೆ. ಸರ್ಕಾರಿ ಖರೀದಿಯ ಲೆಕ್ಕದಲ್ಲಿ ಒಂದು ಕ್ವಿಂಟಾಲ್ ಭತ್ತಕ್ಕೆ 67 ಕಿಲೋ ಹಸಿ ಅಕ್ಕಿ. ಈ ಗಿರಣಿಯಲ್ಲಿ 64 ಬರುತ್ತಿದ್ದರೆ ಮೂರು ಕಿಲೋ ಎಲ್ಲಿ ಹೋಯಿತು? ನುಚ್ಚಾಯಿತೇ, ತೌಡಿನ ಜೊತೆ ಹೋಯಿತೇ? ವಿದ್ಯುತ್ತಿಗೆ ಎಷ್ಟು, ಹಮಾಲಿಗೆ ಎಷ್ಟು? ಇದು ಅವರ ಪ್ರಶ್ನೆ.

ಮೂರನೆಯವರು ಹಣಕಾಸು ವಿಶ್ಲೇಷಕರು, ಅಂದರೆ ಸಾಲ ಕೊಡುವ ಬ್ಯಾಂಕಿನ ಕಡೆ ಕುಳಿತವರು. ಇವರ ನೋಟ ಮುಂದಕ್ಕೆ. ಮಾಲೀಕರು "ವರ್ಷಕ್ಕೆ 4 ಲಕ್ಷದಂತೆ 7 ವರ್ಷಕ್ಕೆ 28 ಲಕ್ಷ. ಹಾಕಿದ್ದು 20. ಲಾಭ 8 ಲಕ್ಷ!" ಎನ್ನುತ್ತಾರೆ. ವಿಶ್ಲೇಷಕರು ತಲೆಯಾಡಿಸುವುದಿಲ್ಲ. ಏಳು ವರ್ಷದ ನಂತರ ಬರುವ ಒಂದು ರೂಪಾಯಿ ಇಂದಿನ ಒಂದು ರೂಪಾಯಿಗೆ ಸಮವಲ್ಲ. ಬಡ್ಡಿ ನೂರಕ್ಕೆ 10 ಎಂದಾದರೆ, ಇಂದು ಬ್ಯಾಂಕಿನಲ್ಲಿಟ್ಟ ಸುಮಾರು 51 ಪೈಸೆ ಏಳು ವರ್ಷದಲ್ಲಿ ಒಂದು ರೂಪಾಯಿ ಆಗುತ್ತದೆ. ಆದ್ದರಿಂದ ಏಳನೆಯ ವರ್ಷದ 4 ಲಕ್ಷಕ್ಕೆ ಇಂದಿನ ಬೆಲೆ ಸುಮಾರು 2 ಲಕ್ಷದ 5 ಸಾವಿರ ಮಾತ್ರ. ಹೀಗೆ ಏಳೂ ವರ್ಷದ ಹಣವನ್ನು ಇಂದಿನ ಬೆಲೆಗೆ ಇಳಿಸಿ ಕೂಡಿದರೆ ಸಿಗುವುದು 19 ಲಕ್ಷದ 47 ಸಾವಿರ. ಹಾಕಿದ್ದು 20 ಲಕ್ಷ. ಅಂದರೆ ಎಂಟು ಲಕ್ಷದ ಲಾಭವೆಂದು ಕಂಡದ್ದು ನಿಜದಲ್ಲಿ ಸುಮಾರು 53 ಸಾವಿರದ ನಷ್ಟ! ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿನೋಡಿ. ಈ ಲೆಕ್ಕ ನಿಮಗೆ ರೋಮಾಂಚನ ತಂದರೆ, ಹಣಕಾಸು ನಿಮ್ಮನ್ನು ಕರೆಯುತ್ತಿದೆ ಎಂದೇ ತಿಳಿಯಿರಿ.

ನಾಲ್ಕನೆಯವರು ಅರ್ಥಶಾಸ್ತ್ರಜ್ಞರು. ಇವರು ಗಿರಣಿಯ ಗೇಟಿನ ಹೊರಗೆ ನಿಂತು ನೋಡುತ್ತಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆಗೆಯಿತು. ಗಿರಣಿಯೊಳಗಿನ ಯಾವ ಯಂತ್ರವೂ ಬದಲಾಗದಿದ್ದರೂ ಮಾರುಕಟ್ಟೆಯ ಗಾಳಿ ಬದಲಾಯಿತು. ಬೆಂಬಲ ಬೆಲೆ ಏರಿದರೆ ಏನಾಗುತ್ತದೆ? ರೈತ ಮುಂದಿನ ಹಂಗಾಮಿಗೆ ಭತ್ತ ಬಿಟ್ಟು ಬೇರೆ ಬೆಳೆಗೆ ಹೋದರೆ? ಇದು ಅವರ ಚಿಂತನೆ.

ಐದನೆಯವರು ಆಕ್ಚುಯರಿ, ಅಂದರೆ ವಿಮಾ ಗಣಿತಜ್ಞರು. ಹೊಟ್ಟಿನ ರಾಶಿಗೆ ಬೆಂಕಿ ಬಿದ್ದರೆ? 200 ಗಿರಣಿಗಳಲ್ಲಿ ವರ್ಷಕ್ಕೆ ಒಂದಕ್ಕೆ ಬೆಂಕಿ ಬಿದ್ದು 30 ಲಕ್ಷ ನಷ್ಟವಾಗುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಆಗ ಪ್ರತಿ ಗಿರಣಿಯ ಪಾಲಿಗೆ ಬರುವ ಅಪಾಯದ ಬೆಲೆ ವರ್ಷಕ್ಕೆ 15 ಸಾವಿರ. ಇದರ ಮೇಲೆ ಕಂಪನಿಯ ಖರ್ಚು, ಲಾಭ, ಕೆಟ್ಟ ವರ್ಷಕ್ಕೆಂದು ತೆಗೆದಿಡುವ ಹಣ ಸೇರಿ ವಿಮೆಯ ಕಂತು ನಿಗದಿಯಾಗುತ್ತದೆ. ಸಂಭವನೀಯತೆಯ ಗಣಿತ ಹೊಟ್ಟೆ ತುಂಬಿಸುವ ವೃತ್ತಿ ಇದು.

ಆರನೆಯವರು ಕಂಪನಿ ಸೆಕ್ರೆಟರಿ. ಗಿರಣಿ ಬೆಳೆದು ಕಂಪನಿಯಾಯಿತು ಎನ್ನಿ. ನಿರ್ದೇಶಕರ ಸಭೆ, ಷೇರುದಾರರ ಸಭೆ, ನಡಾವಳಿ, ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕಾದ ಕಾಗದಪತ್ರ, ಕಾನೂನಿನ ಗಡುವು ಇವೆಲ್ಲ ಅವರ ಹೊಣೆ. ಸಂಖ್ಯೆಗಿಂತ ಶಬ್ದ ಮುಖ್ಯವಾದ ಕೆಲಸ.

ನೋಡಿದಿರಾ? ಎಲ್ಲವನ್ನೂ ನಾವು 'ಕಾಮರ್ಸ್ ಲೈನು' ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಆದರೆ ಆರು ಮಂದಿಯ ಸ್ವಭಾವವೇ ಬೇರೆ. ಆದ್ದರಿಂದ "ಯಾವ ಪದವಿ ದೊಡ್ಡದು?" ಎಂದು ಕೇಳುವ ಮೊದಲು "ಈ ಆರರಲ್ಲಿ ಯಾರ ಕುರ್ಚಿಯಲ್ಲಿ ನಾನು ಬೇಸರವಿಲ್ಲದೆ ಕುಳಿತೇನು?" ಎಂದು ಕೇಳಿಕೊಳ್ಳಿ.

ಪದವಿಗಳ ಪರಿಚಯ

ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ವ್ಯವಸ್ಥೆ ಬಂದಿತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ಅಕ್ಕಂದಿರ ಅಂಕಪಟ್ಟಿ ನೋಡಿ ಗೊಂದಲಕ್ಕೆ ಬೀಳಬೇಡಿ. ನೀವು ಸೇರುವ ವಿಶ್ವವಿದ್ಯಾಲಯದ ಈ ವರ್ಷದ ಪಠ್ಯಕ್ರಮವನ್ನೇ ಕೇಳಿ ಪಡೆಯಿರಿ.

ಬಿ.ಕಾಂ.: ಹಣಕಾಸು ಲೆಕ್ಕಶಾಸ್ತ್ರ, ಕಂಪನಿ ಲೆಕ್ಕ, ವೆಚ್ಚ ಲೆಕ್ಕ, ಆದಾಯ ತೆರಿಗೆ, ಜಿ.ಎಸ್.ಟಿ., ವಾಣಿಜ್ಯ ಕಾನೂನು ಇದರ ಬೆನ್ನೆಲುಬು. ಮೊದಲ ಮತ್ತು ಎರಡನೆಯ ಕಣ್ಣಿಗೆ ನೇರ ದಾರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಸಿಗುತ್ತದೆ, ಖರ್ಚು ಕಡಿಮೆ. ಸಿ.ಎ.ಯಂಥ ಪರೀಕ್ಷೆಗಳ ಜೊತೆಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಪಾಠಗಳು ಅರ್ಧಕ್ಕರ್ಧ ಒಂದೇ ಇರುತ್ತವೆ. ಇದರ ದೌರ್ಬಲ್ಯವೆಂದರೆ ಇದು ತೀರಾ ಸಾಮಾನ್ಯವಾದ ಪದವಿ. ಬರೀ ಬಿ.ಕಾಂ. ಅಂಕಪಟ್ಟಿ ಹಿಡಿದು ಹೋದರೆ ನಿಮ್ಮ ಹಿಂದೆ ಮುಂದೆ ಉದ್ದನೆಯ ಸಾಲಿರುತ್ತದೆ.

ಬಿ.ಬಿ.ಎ.: ನಮ್ಮ ರಾಜ್ಯದಲ್ಲಿ ಹಿಂದೆ ಬಿ.ಬಿ.ಎಂ. ಎಂದು ಕರೆಯುತ್ತಿದ್ದ ಪದವಿ. ಇದು ಗಿರಣಿಯ ಲೆಕ್ಕ ಬರೆಯುವವರಿಗಿಂತ ಗಿರಣಿ ನಡೆಸುವವರಿಗಾಗಿ ರೂಪಿಸಿದ್ದು. ಮಾರಾಟ, ಸಿಬ್ಬಂದಿ ನಿರ್ವಹಣೆ, ಸಂಘಟನೆ, ಜೊತೆಗೆ ಸ್ವಲ್ಪ ಹಣಕಾಸು. ಮಾತುಗಾರಿಕೆ, ಗುಂಪಿನಲ್ಲಿ ಕೆಲಸ, ಪ್ರಾಜೆಕ್ಟ್ ವರದಿಗೆ ಒತ್ತು. ಮುಂದೆ ಎಂ.ಬಿ.ಎ. ಮಾಡುವ ಅಥವಾ ಮನೆಯ ವ್ಯಾಪಾರ ನೋಡಿಕೊಳ್ಳುವ ಮನಸ್ಸಿದ್ದವರಿಗೆ ಹೊಂದುತ್ತದೆ. 2024-25ರಿಂದ ಬಿ.ಬಿ.ಎ. ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದಿವೆ. ಕಾಲೇಜಿಗೆ ಅದರ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಒಂದು ಮಾತು ನೆನಪಿಡಿ: ಎಂ.ಬಿ.ಎ. ಸೇರಲು ಬಿ.ಬಿ.ಎ. ಆಗಿರಲೇಬೇಕೆಂದಿಲ್ಲ. ಯಾವ ಪದವೀಧರರೂ ಪ್ರವೇಶ ಪರೀಕ್ಷೆ ಬರೆಯಬಹುದು.

ಬಿ.ಎ. ಅರ್ಥಶಾಸ್ತ್ರ: "ಇದರಿಂದ ಏನು ಸಿಗುತ್ತದೆ?" ಎಂದು ಮೂಗು ಮುರಿಯುವವರೇ ಹೆಚ್ಚು. ನಿಜ ಸಂಗತಿ ಬೇರೆ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಬೇಕು. ವಾಣಿಜ್ಯ ಪದವಿಯಿಂದ ಅಲ್ಲಿಗೆ ಪ್ರವೇಶವಿಲ್ಲ. ರಿಸರ್ವ್ ಬ್ಯಾಂಕಿನ ಆರ್ಥಿಕ ನೀತಿ ವಿಭಾಗ, ಸಂಶೋಧನಾ ಸಂಸ್ಥೆಗಳು, ಪತ್ರಿಕೋದ್ಯಮ ಕೂಡ ಇವರನ್ನು ಬಯಸುತ್ತವೆ. ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇಂಥ ಸಂಶೋಧನೆಗೆ ಹೆಸರಾಗಿದೆ. ಆದರೆ ಷರತ್ತು ಎರಡು. ಈ ದಾರಿಯಲ್ಲಿ ಮೂರು ವರ್ಷಕ್ಕೆ ನಿಲ್ಲುವಂತಿಲ್ಲ, ಎಂ.ಎ. ತನಕ ನಡೆಯಬೇಕು. ಮತ್ತು ಗಣಿತವನ್ನು ಕೈಬಿಡುವಂತಿಲ್ಲ.

ಬಿ.ಎಸ್ಸಿ.ಯಲ್ಲಿ ಗಣಿತ, ಸಂಖ್ಯಾಶಾಸ್ತ್ರ: ಹಣಕಾಸಿನ ಪಟ್ಟಿಯಲ್ಲಿ ಈ ಹೆಸರು ಕಂಡು ಆಶ್ಚರ್ಯವಾಯಿತೇ? ವಿಮೆ, ಸಾಲದ ಅಪಾಯದ ಅಂದಾಜು, ಷೇರುಪೇಟೆಯ ಗಣಿತ ಇವೆಲ್ಲ ಈಗ ಸಂಖ್ಯಾಶಾಸ್ತ್ರದ ಮೇಲೆ ನಿಂತಿವೆ. ಆಕ್ಚುಯರಿ ಆಗಬಯಸುವವರಿಗೆ ಇದಕ್ಕಿಂತ ಗಟ್ಟಿ ಅಡಿಪಾಯವಿಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸೇವೆಗೂ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು. ಜೊತೆಗೆ ಸ್ವಲ್ಪ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತರೆ ಬೆಂಗಳೂರಿನ ದೊಡ್ಡ ಕಂಪನಿಗಳ ಬಾಗಿಲು ತೆರೆಯುತ್ತದೆ.

ಪದವಿ ಬೇರೆ, ವೃತ್ತಿ ಸನ್ನದು ಬೇರೆ

ಈಗ ಮುಖ್ಯವಾದ ವ್ಯತ್ಯಾಸಕ್ಕೆ ಬರೋಣ. ಪದವಿಯನ್ನು ಕೊಡುವುದು ವಿಶ್ವವಿದ್ಯಾಲಯ. ಆದರೆ ಕೆಲವು ಕಾಗದಗಳಿಗೆ ಸಹಿ ಹಾಕುವ ಅಧಿಕಾರವನ್ನು ಕೊಡುವುದು ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಕಂಪನಿಯ ಲೆಕ್ಕಪರಿಶೋಧನೆಯ ವರದಿಗೆ ಎಂ.ಕಾಂ. ಮಾಡಿ ಚಿನ್ನದ ಪದಕ ಪಡೆದವರೂ ಸಹಿ ಹಾಕುವಂತಿಲ್ಲ. ಚಾರ್ಟರ್ಡ್ ಅಕೌಂಟೆಂಟರೇ ಆಗಬೇಕು.

ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 1949ರ ಕಾಯ್ದೆಯಿಂದ ಸ್ಥಾಪನೆಯಾದದ್ದು. ಮೂರು ಮೆಟ್ಟಿಲು: ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್. ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆ. ಆಮೇಲಿನ ಎರಡು ಮೆಟ್ಟಿಲುಗಳಲ್ಲಿ ತಲಾ ಆರು. ಪ್ರತಿ ಪತ್ರಿಕೆಯಲ್ಲಿ ನೂರಕ್ಕೆ 40, ಒಟ್ಟಾರೆ ನೂರಕ್ಕೆ 50 ಬರಬೇಕು. 2023ರ ಜುಲೈನಿಂದ ಜಾರಿಯಾದ ಹೊಸ ವ್ಯವಸ್ಥೆಯಲ್ಲಿ ಹಿರಿಯ ಲೆಕ್ಕಪರಿಶೋಧಕರ ಕಚೇರಿಯ ತರಬೇತಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ವಾಣಿಜ್ಯ ಪದವಿಯಲ್ಲಿ ನೂರಕ್ಕೆ 55, ಇತರ ಪದವಿಯಲ್ಲಿ ನೂರಕ್ಕೆ 60 ಪಡೆದವರು ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಶುಲ್ಕ ದುಬಾರಿಯಲ್ಲ, ತರಬೇತಿಯ ಕಾಲದಲ್ಲಿ ಸ್ವಲ್ಪ ವೇತನವೂ ಇದೆ. ಇಲ್ಲಿ ದುಬಾರಿಯಾದದ್ದು ಕಾಲ. 2023ರ ಡಿಸೆಂಬರಿನ ಫೌಂಡೇಶನ್ ಪರೀಕ್ಷೆಯಲ್ಲಿ ಪಾಸಾದವರು ನೂರಕ್ಕೆ ಸುಮಾರು 30. 2024ರ ಜೂನ್‌ನಲ್ಲಿ ನೂರಕ್ಕೆ ಸುಮಾರು 15. ಇದು ಮೊದಲ ಮೆಟ್ಟಿಲಿನ ಕಥೆ ಮಾತ್ರ.

ಈ ಅಂಕಿಯನ್ನು ಹೆದರಿಸಲೆಂದು ಹೇಳುತ್ತಿಲ್ಲ. ಒಂದು ತೀರ್ಮಾನಕ್ಕಾಗಿ ಹೇಳುತ್ತಿದ್ದೇನೆ. ಸಿ.ಎ. ಬರೆಯುವವರು ಬಿ.ಕಾಂ. ಪದವಿಯನ್ನು ಬಿಡಬಾರದು. ಹತ್ತುವ ಏಣಿ ಸಿ.ಎ. ಆದರೆ, ಕೆಳಗಿನ ನೆಲ ಬಿ.ಕಾಂ. ಏಣಿಯ ಮೇಲಿಂದ ಕಾಲು ಜಾರಿದವರಿಗೆ ನಿಲ್ಲಲು ನೆಲ ಬೇಕಷ್ಟೆ? ಹಾಗೆಯೇ ಇನ್ನೊಂದು: ಎಷ್ಟು ಸಲ ಬರೆಯುತ್ತೇನೆ, ಯಾವ ವರ್ಷದ ತನಕ ಬರೆಯುತ್ತೇನೆ ಎಂಬ ಗಡುವನ್ನು ಆರಂಭದಲ್ಲೇ ಮನೆಯವರೊಂದಿಗೆ ಕುಳಿತು ನಿಶ್ಚಯಿಸಿಕೊಳ್ಳಿ. ಇಪ್ಪತ್ತೆಂಟು ವರ್ಷದ ತನಕ "ಮುಂದಿನ ಸಲ ಆಗುತ್ತದೆ" ಎಂದು ಕೋಣೆಯೊಳಗೆ ಕುಳಿತ ಮಕ್ಕಳ ನೋವು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ವೆಚ್ಚ ಲೆಕ್ಕಿಗರ ಸಂಸ್ಥೆ 1959ರ ಕಾಯ್ದೆಯದು. ಹಿಂದೆ ಐ.ಸಿ.ಡಬ್ಲ್ಯು.ಎ. ಎನ್ನುತ್ತಿದ್ದುದನ್ನು ಈಗ ಸಿ.ಎಂ.ಎ. ಎನ್ನುತ್ತಾರೆ. ಕಂಪನಿ ಕಾಯ್ದೆಯು ಕೆಲವು ಉದ್ಯಮಗಳಿಗೆ ವೆಚ್ಚ ಪರಿಶೋಧನೆಯನ್ನು ವಿಧಿಸಿದೆ, ಅದಕ್ಕೆ ಇವರ ಸಹಿ ಬೇಕು. ಕಾರ್ಖಾನೆಯ ಸದ್ದು ಇಷ್ಟವಿರುವ ವಾಣಿಜ್ಯ ವಿದ್ಯಾರ್ಥಿಗೆ ಒಳ್ಳೆಯ ದಾರಿ. ಕಂಪನಿ ಸೆಕ್ರೆಟರಿಗಳ ಸಂಸ್ಥೆ 1980ರ ಕಾಯ್ದೆಯದು. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಗಳು, 10 ಕೋಟಿ ರೂಪಾಯಿ ಅಥವಾ ಹೆಚ್ಚು ಪಾವತಿಯಾದ ಬಂಡವಾಳವಿರುವ ಕಂಪನಿಗಳು ಪೂರ್ಣಾವಧಿಯ ಸೆಕ್ರೆಟರಿಯನ್ನು ಹೊಂದಿರಬೇಕು. ಕಾನೂನೇ ಕೆಲಸವನ್ನು ಸೃಷ್ಟಿಸಿದೆ ಎನ್ನಬಹುದು. ಆಕ್ಚುಯರಿಗಳ ಸಂಸ್ಥೆಗೆ 2006ರ ಕಾಯ್ದೆಯ ಆಧಾರವಿದೆ. ಪ್ರವೇಶ ಪರೀಕ್ಷೆ ಪಾಸು ಮಾಡಿ, ಕೆಲಸ ಮಾಡುತ್ತಲೇ ಒಂದೊಂದಾಗಿ ಪತ್ರಿಕೆ ಬರೆಯುತ್ತಾ ಹೋಗಬೇಕು. ಹಲವು ವರ್ಷಗಳ ತಪಸ್ಸು.

ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲಿ ಸಿ.ಎ., ಸಿ.ಎಸ್., ಐ.ಸಿ.ಡಬ್ಲ್ಯು.ಎ. ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಪರಿಗಣಿಸಲು ಒಪ್ಪಿತು. ಹೀಗಾಗಿ ಮುಂದೆ ಅಧ್ಯಾಪನ, ಸಂಶೋಧನೆಯ ಕಡೆ ತಿರುಗುವುದಕ್ಕೂ ಅವಕಾಶವಿದೆ.

ವಿದೇಶಿ ಸನ್ನದುಗಳ ಮಾತೂ ಈಗ ಬಹಳ. ಬ್ರಿಟನ್ನಿನ ಎ.ಸಿ.ಸಿ.ಎ. ಬಹುರಾಷ್ಟ್ರೀಯ ಕಂಪನಿಗಳಲ್ಲಿ ಬೆಲೆಯುಳ್ಳದ್ದು. ಆದರೆ ಅದನ್ನು ಪಡೆದವರು ಭಾರತದ ಕಂಪನಿಯ ಶಾಸನಬದ್ಧ ಲೆಕ್ಕಪರಿಶೋಧನೆಗೆ ಸಹಿ ಹಾಕುವಂತಿಲ್ಲ. ಅಮೆರಿಕದ ಸಿ.ಎಫ್.ಎ. ಮೂರು ಹಂತದ ಪರೀಕ್ಷೆ. ಷೇರು, ಬಾಂಡು, ಹೂಡಿಕೆಯ ವಿಶ್ಲೇಷಣೆಗೆ ಸಂಬಂಧಿಸಿದ್ದು, ಅಂದರೆ ನಮ್ಮ ಮೂರನೆಯ ಕಣ್ಣು. ಇವುಗಳನ್ನು ಪದವಿಯ ಜೊತೆ ಸೇರಿಸಿ 'ಇಂಟಿಗ್ರೇಟೆಡ್' ಎಂಬ ಹೆಸರಿನಲ್ಲಿ ಮಾರುವ ಕಾಲೇಜುಗಳಿವೆ. ಅಲ್ಲಿ ಕೊಡುವ ಹಣ ತರಬೇತಿಗೆ ಮಾತ್ರವೇ, ಪರೀಕ್ಷಾ ಶುಲ್ಕವೂ ಸೇರಿದೆಯೇ, ಫೇಲಾದರೆ ಯಾರು ಕಟ್ಟಬೇಕು ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೆಲಸ ಎಲ್ಲಿದೆ?

ಬ್ಯಾಂಕು ನಮ್ಮ ನಾಡಿನವರಿಗೆ ಹೊಸದಲ್ಲ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ ಅದೇ ಊರಿನಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದವು. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಯೋಜನೆ ಕರಾವಳಿಯದೇ ಕೊಡುಗೆ. ಕಾಲ ಬದಲಾಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ ತಿಂಗಳಲ್ಲಿ ಒಂದಾದವು. ಬ್ಯಾಂಕ್ ನೇಮಕಾತಿಗೆ ಅರ್ಜಿ ಹಾಕುವವರು ತಿಳಿಯಬೇಕಾದ ಸಂಗತಿಯೆಂದರೆ, ಐ.ಬಿ.ಪಿ.ಎಸ್. ನಡೆಸುವ ಕ್ಲರ್ಕ್ ಮತ್ತು ಪ್ರೊಬೇಷನರಿ ಅಧಿಕಾರಿ ಪರೀಕ್ಷೆಗಳಿಗೆ ಯಾವ ಪದವಿಯಾದರೂ ಸಾಕು. ಬಿ.ಎ. ಕನ್ನಡ ಓದಿದವರೂ ಬರೆಯಬಹುದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನೂ ಸಾರ್ವಜನಿಕ ವಲಯದ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಅವಕಾಶ ಬಂದಿದೆ. ಆದ್ದರಿಂದ "ಬ್ಯಾಂಕಿಗೆ ಸೇರಲು ಬಿ.ಕಾಂ." ಎಂಬುದು ಹಳೆಯ ನಂಬಿಕೆ. ಬ್ಯಾಂಕೇ ನಿಮ್ಮ ಗುರಿಯಾದರೆ ನಿಮಗೆ ಚೆನ್ನಾಗಿ ಬರುವ ವಿಷಯದಲ್ಲಿ ಪದವಿ ಪಡೆದು, ಪರೀಕ್ಷೆಗೆ ಬೇರೆಯಾಗಿ ಸಿದ್ಧರಾಗಿ.

ಎರಡನೆಯ ದೊಡ್ಡ ಜಾಗ ಬೆಂಗಳೂರಿನ ಅಂತರರಾಷ್ಟ್ರೀಯ ಕೇಂದ್ರಗಳು. ನ್ಯೂಯಾರ್ಕ್, ಲಂಡನ್ನಿನ ಬ್ಯಾಂಕುಗಳು ತಮ್ಮ ಲೆಕ್ಕ ತಾಳೆ, ನಿಧಿಗಳ ಲೆಕ್ಕ, ಅಪಾಯದ ವಿಶ್ಲೇಷಣೆಯನ್ನು ಇಲ್ಲಿ ಮಾಡಿಸುತ್ತವೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಬೆಂಗಳೂರಿನಲ್ಲಿದೆ. ಲೆಕ್ಕ ತಾಳೆಯಂಥ ಕೆಲಸಕ್ಕೆ ಬಿ.ಕಾಂ., ಬಿ.ಬಿ.ಎ. ಪದವೀಧರರು ಸೇರುತ್ತಾರೆ, ವಿಶ್ಲೇಷಣೆಯ ಮೇಲಿನ ಹುದ್ದೆಗಳಿಗೆ ಗಣಿತ, ಸಂಖ್ಯಾಶಾಸ್ತ್ರ, ಸಿ.ಎ., ಎಂ.ಬಿ.ಎ. ಕೇಳುತ್ತಾರೆ.

ಮೂರನೆಯದು ನಿಮ್ಮ ಊರಿನಲ್ಲೇ ಇದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಅಡಿಕೆ ಮಂಡಿಯಿಂದ ಬಟ್ಟೆ ಅಂಗಡಿಯವರೆಗೆ ಎಲ್ಲರಿಗೂ ತೆರಿಗೆಯ ವಿವರ ಸಲ್ಲಿಸಿಕೊಡುವವರು ಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಬದಲಿಗೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನೇ ಅಂಗೀಕರಿಸಿತು. ಕಾನೂನು ಬದಲಾದಾಗಲೆಲ್ಲ, ಅದನ್ನು ಓದಿ ಜನರಿಗೆ ಬಿಡಿಸಿ ಹೇಳಬಲ್ಲವರಿಗೆ ಕೆಲಸ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಕುಳಿತು ಗೌರವದ ಬದುಕು ಕಟ್ಟಿಕೊಳ್ಳಬಹುದು.

ಆದರೆ ಒಂದು ಎಚ್ಚರಿಕೆ. ರೋಜುಪುಸ್ತಕದಿಂದ ಖಾತಾವಹಿಗೆ ಅಂಕಿ ಇಳಿಸುವ ಕೆಲಸವನ್ನು ಬೆಂಗಳೂರಿನದೇ ಆದ ಟ್ಯಾಲಿಯಂಥ ತಂತ್ರಾಂಶಗಳು ಎಂದೋ ವಹಿಸಿಕೊಂಡವು. ಈಗ ಕೃತಕ ಬುದ್ಧಿಮತ್ತೆ ಬಿಲ್ಲನ್ನು ಓದಿ ತಾನೇ ದಾಖಲಿಸುವ ಹಂತಕ್ಕೆ ಬಂದಿದೆ. ಅಂಕಿ ತುಂಬುವವರ ಬೇಡಿಕೆ ಕುಗ್ಗುತ್ತದೆ. ಅಂಕಿಯನ್ನು ಅನುಮಾನಿಸಿ, ಕಾರಣ ಹುಡುಕಿ, ಹೊಣೆ ಹೊತ್ತು ಸಹಿ ಹಾಕುವವರ ಬೇಡಿಕೆ ಉಳಿಯುತ್ತದೆ. ಯಾವ ಪದವಿ ಸೇರಿದರೂ ಈ ಎರಡನೆಯ ಗುಂಪಿಗೆ ಸೇರುವಂತೆ ಓದಿ.

ಎರಡು ಬಾಗಿಲು: ಗಣಿತ ಮತ್ತು ಇಂಗ್ಲಿಷ್

ಹತ್ತನೆಯ ತರಗತಿಯಲ್ಲಿರುವವರೇ, ಇದು ವಿಶೇಷವಾಗಿ ನಿಮಗೆ. "ಗಣಿತ ಬೇಡ, ಅದಕ್ಕೇ ಕಾಮರ್ಸ್" ಎನ್ನುವವರು ತಮಗರಿವಿಲ್ಲದೆ ಕೆಲವು ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತಾರೆ. ಆಕ್ಚುಯರಿ, ಸಂಖ್ಯಾಶಾಸ್ತ್ರ, ದೆಹಲಿ ವಿಶ್ವವಿದ್ಯಾಲಯದಂಥ ಕಡೆಯ ಅರ್ಥಶಾಸ್ತ್ರ ಆನರ್ಸ್ ಇವಕ್ಕೆಲ್ಲ ಗಣಿತ ಬೇಕು. ಪಿ.ಯು.ಸಿ. ವಾಣಿಜ್ಯ ವಿಭಾಗದಲ್ಲಿ ಇತಿಹಾಸದ ಬದಲು ಸಂಖ್ಯಾಶಾಸ್ತ್ರವನ್ನೋ ಬೇಸಿಕ್ ಮ್ಯಾಥ್ಸನ್ನೋ ಆರಿಸಿಕೊಂಡರೆ ಸಿ.ಎ. ಫೌಂಡೇಶನ್ನಿನ ಗಣಿತ ಪತ್ರಿಕೆಯೂ ಹಗುರಾಗುತ್ತದೆ.

ಇಂಗ್ಲಿಷಿನ ವಿಷಯ ಮುಚ್ಚಿಡುವಂಥದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಬುದ್ಧಿವಂತ ಮಕ್ಕಳು ಹಿಂಜರಿಯುವುದು ಇಲ್ಲೇ. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡದಲ್ಲಿ ಅವಕಾಶವಿಲ್ಲ. ಆದರೆ ಲೆಕ್ಕಶಾಸ್ತ್ರದ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷಲ್ಲ. ಕೆಲವು ನೂರು ಪಾರಿಭಾಷಿಕ ಪದಗಳನ್ನು ಅರ್ಥ ತಿಳಿದು ಹಿಡಿದರೆ ಮುಕ್ಕಾಲು ದಾರಿ ಕ್ರಮಿಸಿದಂತೆ. ಒಂದು ನೋಟ್‌ಪುಸ್ತಕದ ಎಡಪುಟದಲ್ಲಿ ಇಂಗ್ಲಿಷ್ ಪದ, ಬಲಪುಟದಲ್ಲಿ ಕನ್ನಡದಲ್ಲಿ ಅದರ ಅರ್ಥ ಮತ್ತು ಒಂದು ಉದಾಹರಣೆ. ದಿನಕ್ಕೆ ಐದು ಪದ. ಒಂದು ವರ್ಷದಲ್ಲಿ ನಿಮ್ಮದೇ ನಿಘಂಟು ಸಿದ್ಧ.

ಶುಲ್ಕವೂ ಒಂದು ಹಣಕಾಸಿನ ಲೆಕ್ಕ

ಹಣಕಾಸು ಓದಲು ಹೊರಟವರು ಮೊದಲ ಲೆಕ್ಕವನ್ನು ತಮ್ಮ ಶುಲ್ಕದ ಮೇಲೇ ಮಾಡಬೇಕು. ಕಾಲೇಜು ಮುಗಿದ ದಿನ ನಿಮ್ಮ ಹೆಸರಿನಲ್ಲಿ 8 ಲಕ್ಷ ಸಾಲವಿದೆ, ಬಡ್ಡಿ ನೂರಕ್ಕೆ 10, ಏಳು ವರ್ಷದಲ್ಲಿ ತೀರಿಸಬೇಕು ಎಂದುಕೊಳ್ಳಿ. ತಿಂಗಳ ಕಂತು ಸುಮಾರು 13,280 ರೂಪಾಯಿ. ಒಟ್ಟು ಕಟ್ಟುವುದು 11 ಲಕ್ಷದ 15 ಸಾವಿರಕ್ಕೂ ಹೆಚ್ಚು. ಮೊದಲ ಕೆಲಸದ ಸಂಬಳ ತಿಂಗಳಿಗೆ 22 ಸಾವಿರವಾದರೆ, ಕಂತು ಹೋಗಿ ಉಳಿಯುವ 9 ಸಾವಿರದಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಬಸ್ಸು ಸಾಗಬೇಕು. ಊರಿನ ಸರ್ಕಾರಿ ಕಾಲೇಜಿನ ಬಿ.ಕಾಂ. ಜೊತೆಗೆ ಶ್ರದ್ಧೆಯಿಂದ ಓದಿದ ಸಿ.ಎಂ.ಎ. ಇದಕ್ಕಿಂತ ಎಷ್ಟೋ ಮೇಲಾಗಬಹುದಲ್ಲವೇ? ದುಬಾರಿ ಕಾಲೇಜು ಬೇಡವೆಂದಲ್ಲ. ಆ ಹಣಕ್ಕೆ ಏನು ಬರುತ್ತದೆ ಎಂದು ಕೇಳದೆ ಕೊಡಬೇಡಿ ಎಂದಷ್ಟೇ.

ಕೇಳುವಾಗ ಜಾಹೀರಾತಿನ 'ಸರಾಸರಿ ಸಂಬಳ'ಕ್ಕೆ ಮರುಳಾಗದಿರಿ. ಹತ್ತು ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ವರ್ಷಕ್ಕೆ 30 ಲಕ್ಷ, ಉಳಿದ ಒಂಬತ್ತು ಮಂದಿಗೆ 3 ಲಕ್ಷ ಸಿಕ್ಕರೆ ಸರಾಸರಿ 5 ಲಕ್ಷದ 70 ಸಾವಿರ ಎಂದು ಬರುತ್ತದೆ. ಆ ಸಂಬಳ ಪಡೆದವರು ಒಬ್ಬರೂ ಇಲ್ಲ! ಕೇಳಬೇಕಾದದ್ದು ಮಧ್ಯಾಂಕ: ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳ ಎಷ್ಟು? ತರಗತಿಯ ಎಷ್ಟು ಮಂದಿಗೆ ಕೆಲಸವೇ ಸಿಗಲಿಲ್ಲ?

ಮನೆಯಲ್ಲೇ ಮಾಡುವ ಮೂರು ಪ್ರಯೋಗ

ಕೊನೆಗೆ, ಪ್ರಯೋಗವಿಲ್ಲದೆ ಪಾಠ ಮುಗಿಯಬಾರದು. ಅರ್ಜಿ ತುಂಬುವ ಮೊದಲು ಈ ಮೂರನ್ನು ಮಾಡಿ. ಖರ್ಚು ಏನೂ ಇಲ್ಲ.

ಒಂದು: ಒಂದು ತಿಂಗಳು ಮನೆಯ ಜಮಾ-ಖರ್ಚು ಬರೆಯಿರಿ. ಹಾಲು, ರೇಷನ್, ಮೊಬೈಲ್ ರೀಚಾರ್ಜ್, ಎಲ್ಲವೂ. ತಿಂಗಳ ಕೊನೆಗೆ ಹತ್ತು ರೂಪಾಯಿ ತಾಳೆಯಾಗದಿದ್ದಾಗ ಅದನ್ನು ಹುಡುಕದೆ ನಿದ್ದೆ ಬರಲಿಲ್ಲವೆಂದರೆ ಲೆಕ್ಕಿಗರ ಕಣ್ಣು ನಿಮ್ಮದು. "ಹೋಗಲಿ ಬಿಡು" ಅನ್ನಿಸಿದರೆ ಸಿ.ಎ. ಬಗ್ಗೆ ಇನ್ನೊಮ್ಮೆ ಯೋಚಿಸಿ. ಆದರೆ ಈ ಖರ್ಚು ಹೋದ ವರ್ಷಕ್ಕಿಂತ ಏಕೆ ಏರಿತು ಎಂಬ ಕುತೂಹಲ ಹುಟ್ಟಿದರೆ ಅದು ಅರ್ಥಶಾಸ್ತ್ರದ ಬೀಜ.

ಎರಡು: ಯಾವುದಾದರೂ ಕಂಪನಿಯ ವಾರ್ಷಿಕ ವರದಿಯನ್ನು ಅದರ ಜಾಲತಾಣದಿಂದ ಇಳಿಸಿಕೊಂಡು ಇಪ್ಪತ್ತು ಪುಟ ಓದಿ. ಕರ್ಣಾಟಕ ಬ್ಯಾಂಕಿನದೋ ಇನ್ಫೋಸಿಸ್‌ನದೋ ಆಗಬಹುದು. ಅಂಕಿಯ ಪುಟಗಳು ಹಿಡಿದಿಟ್ಟವೇ, ನಿರ್ದೇಶಕರ ಸಭೆ ಮತ್ತು ನಿಯಮದ ಪುಟಗಳೇ, ಮುಂದಿನ ಯೋಜನೆಯ ಪುಟಗಳೇ? ನಿಮ್ಮ ಬೆರಳು ನಿಂತ ಪುಟವೇ ನಿಮಗೆ ಉತ್ತರ ಹೇಳುತ್ತದೆ.

ಮೂರು: ಸಿ.ಎ. ಫೌಂಡೇಶನ್ನಿನ ಹಳೆಯ ಪ್ರಶ್ನೆಪತ್ರಿಕೆಯನ್ನು ಸಂಸ್ಥೆಯ ಜಾಲತಾಣದಿಂದ ಪಡೆದು ಗಡಿಯಾರ ಇಟ್ಟುಕೊಂಡು ಕುಳಿತುಕೊಳ್ಳಿ. ಅಂಕ ಎಷ್ಟು ಬಂತೆಂಬುದು ಈಗ ಮುಖ್ಯವಲ್ಲ. ಎರಡು ಗಂಟೆ ಕಳೆದ ಮೇಲೆ ಇನ್ನಷ್ಟು ಕಲಿಯಬೇಕೆನ್ನಿಸಿತೇ, ಎದ್ದು ಹೋದರೆ ಸಾಕಪ್ಪಾ ಅನ್ನಿಸಿತೇ, ಅದನ್ನು ಪ್ರಾಮಾಣಿಕವಾಗಿ ಬರೆದಿಡಿ.

ಆಮೇಲೆ ಆ ಹಾಳೆಯನ್ನು ತಂದೆ ತಾಯಿಯ ಮುಂದೆ ಇಡಿ. "ಅವರು ಹೇಳಿದರಂತೆ" ಎಂಬ ಮಾತಿಗೆ ಬದಲಾಗಿ "ನಾನು ಮಾಡಿನೋಡಿದೆ" ಎಂಬ ಮಾತು ನಿಮ್ಮ ಬಾಯಿಂದ ಬಂದರೆ, ಮನೆಯಲ್ಲಿ ಅದರ ತೂಕವೇ ಬೇರೆ. ಒಳ್ಳೆಯ ಆಯ್ಕೆ ನಿಮ್ಮದಾಗಲಿ.